ಸಾರೋಟುಗಳ ವಿನ್ಯಾಸ ನಕ್ಷೆಗಳು ಹಾಗೂ ವಾಹನ ಬಾಡಿ ನಿರ್ಮಾಣ: ಸಾರ್ವಜನಿಕರ ಮಾಹಿತಿಗಾಗಿ

ಬಸವಕಲ್ಯಾಣ ಮತ್ತು ಹುಮನಾಬಾದ್ ತಾಲ್ಲೂಕುಗಳು ಸೊಲ್ಲಾಪುರ–ಹೈದರಾಬಾದ್ ಹೆದ್ದಾರಿಯ ಮೇಲಿದ್ದು, ಬಸವಕಲ್ಯಾಣದ ಆಟೋನಗರದಲ್ಲಿ ಲಾರಿ ಚಾಸಿಗಳ ಮೇಲೆ ಬಾಡಿ ಕಟ್ಟುವ ಕೆಲಸವು ನಡೆಯುತ್ತದೆ. ಚಾಸಿ ಮತ್ತು ಬಾಡಿ ಬೇರೆ ಬೇರೆ ಕೈಗಳಲ್ಲಿ ಸಿದ್ಧವಾಗುವ ಈ ಕ್ರಮವು ಹತ್ತೊಂಬತ್ತನೆಯ ಶತಮಾನದ ಕುದುರೆ ಸಾರೋಟಿನ ಕಾರ್ಖಾನೆಗಳಿಂದ ಬಂದುದಾಗಿದೆ. ಅಲ್ಲಿ ಗಾಲಿ, ಅಚ್ಚು, ಸ್ಪ್ರಿಂಗ್‌ಗಳ ಕೆಳಗಾಡಿಯನ್ನು ಒಂದು ವರ್ಗದ ಕುಶಲಕರ್ಮಿಗಳೂ ಮೇಲಿನ ಬಾಡಿಯನ್ನು ಇನ್ನೊಂದು ವರ್ಗದವರೂ ತಯಾರಿಸುತ್ತಿದ್ದರು. ಇವೆರಡನ್ನೂ ಹೊಂದಿಸುತ್ತಿದ್ದುದು ನಕ್ಷೆ.

ನಕ್ಷೆಗಳು ಎರಡು ಬಗೆಯವು. ಗ್ರಾಹಕರಿಗೆ ತೋರಿಸುವ ನಕ್ಷೆಯನ್ನು ಸಾಮಾನ್ಯವಾಗಿ ಒಂದು ಅಡಿಗೆ ಒಂದು ಅಂಗುಲದ ಪ್ರಮಾಣದಲ್ಲಿ, ಕುದುರೆಗಳಿಲ್ಲದೆ, ಒಂದೇ ಪಾರ್ಶ್ವದಿಂದ ಬರೆಯಲಾಗುತ್ತಿತ್ತು. ಜಲವರ್ಣ ತುಂಬಿ, ವಾರ್ನಿಷಿನ ಹೊಳಪು ತೋರಿಸಲು ಗೋಂದು ಲೇಪಿಸುವುದೂ ಇತ್ತು. ನ್ಯೂಯಾರ್ಕಿನ ಬ್ರೂಸ್ಟರ್ ಕಂಪನಿಯ ಇಂತಹ ಅನೇಕ ನಕ್ಷೆಗಳು ಆ ನಗರದ ಮೆಟ್ರೋಪಾಲಿಟನ್ ವಸ್ತುಸಂಗ್ರಹಾಲಯದಲ್ಲಿವೆ. ನೋಡಲು ಅಂದವಾದರೂ ಒಳಗಿನ ಜೋಡಣೆ ಇವುಗಳಲ್ಲಿ ಕಾಣುವುದಿಲ್ಲ.

ಎರಡನೆಯದು ಕಾರ್ಖಾನೆಯ ನಕ್ಷೆ. ಇದನ್ನು ದೊಡ್ಡ ಹಲಗೆ ಅಥವಾ ಗೋಡೆಯ ಮೇಲೆ ಪೂರ್ಣ ಅಳತೆಯಲ್ಲಿ ಬರೆದು, ಅದರಿಂದ ಮರದ ಫರ್ಮಾಗಳನ್ನು ತೆಗೆಯಲಾಗುತ್ತಿತ್ತು. ತಿರುವಿನಲ್ಲಿ ಮುಂದಿನ ಗಾಲಿ ಬಾಡಿಗೆ ತಾಗಬಾರದು. ಆದಕಾರಣ ಮುಂದಿನ ಗಾಲಿಗಳನ್ನು ಹಿಂದಿನವುಗಳಿಗಿಂತ ಚಿಕ್ಕದಾಗಿ ಮಾಡಿ, ಬಾಡಿಯ ಮುಂಭಾಗವನ್ನು ಮೇಲಕ್ಕೆ ಬಾಗಿಸುತ್ತಿದ್ದರು. ಇದರಲ್ಲಿನ ತಪ್ಪು ನಕ್ಷೆಯಲ್ಲಿಯೇ ತಿಳಿಯುತ್ತಿತ್ತು, ಮರ ಕಡಿದ ಮೇಲೆ ತಿಳಿದರೆ ನಷ್ಟ. 1804ರಲ್ಲಿ ಲಂಡನ್ನಿನ ಒಬದಾಯ ಎಲಿಯಟ್ ಅಂಡಾಕಾರದ ಸ್ಪ್ರಿಂಗಿಗೆ ಪೇಟೆಂಟ್ ಪಡೆದ ನಂತರ, ಮುಂದಿನ ಮತ್ತು ಹಿಂದಿನ ಅಚ್ಚುಗಳನ್ನು ಕೂಡಿಸುವ ಭಾರವಾದ ತೊಲೆಯನ್ನು ಕೈಬಿಡುವುದು ಸಾಧ್ಯವಾಗಿ ಬಾಡಿ ತಗ್ಗಿತು.

ಭಾರತದಲ್ಲಿ ಮದರಾಸಿನ ಸಿಂಪ್ಸನ್ ಕಂಪನಿಯು 1840ರಲ್ಲಿ ಸಾರೋಟು ತಯಾರಿಕೆಯಿಂದ ಆರಂಭವಾಗಿ ಮುಂದೆ ಮೋಟಾರು ವಾಹನಗಳ ಕೆಲಸಕ್ಕೆ ಬಂದಿತು. ಬೀದರ್ ಸೀಮೆಯು 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿತ್ತು. ಆ ಮನೆತನದ ಬಗ್ಗಿಗಳನ್ನು ಹೈದರಾಬಾದಿನ ಚೌಮಹಲ್ಲಾ ಅರಮನೆಯಲ್ಲಿ ನೋಡಬಹುದು.

ಲಾರಿ ಬಾಡಿ ಕಟ್ಟಿಸುವವರು ಬೇರೆ ವಾಹನದ ಫೋಟೋ ತೋರಿಸಿ ಮುಂಗಡ ಕೊಡುವುದು ರೂಢಿಯಲ್ಲಿದೆ. ಫೋಟೋ ಮೇಲ್ಕಂಡ ಬಣ್ಣದ ನಕ್ಷೆಯಂತೆ, ಅಳತೆಯನ್ನು ಹೇಳುವುದಿಲ್ಲ. ಉದ್ದ, ಅಗಲ, ಎತ್ತರ ಹಾಗೂ ಹಿಂದಿನ ಅಚ್ಚಿನಾಚೆಗಿನ ಚಾಚುಭಾಗವನ್ನು ನಮೂದಿಸಿದ, ಬಾಡಿ ಕಟ್ಟುವವರು ಸಹಿ ಮಾಡಿದ ನಕ್ಷೆಯನ್ನು ಮುಂಗಡಕ್ಕೆ ಮೊದಲೇ ಪಡೆಯುವುದು ಸೂಕ್ತ. ಟ್ರಕ್ ಬಾಡಿಗಳ ನಿರ್ಮಾಣಕ್ಕೆ ಎಐಎಸ್-093 ಎಂಬ ಸಂಹಿತೆ ಇದೆ. ಅಳತೆ ಮೀರಿದ ಬಾಡಿಯಿಂದ ನೋಂದಣಿಗೆ ತೊಡಕಾದಲ್ಲಿ ಅದನ್ನು ಕತ್ತರಿಸಿ ಸರಿಪಡಿಸುವ ವೆಚ್ಚವು ಮಾಲೀಕರ ಮೇಲೆಯೇ ಬೀಳುತ್ತದೆ. ಸಹಿಯಾದ ನಕ್ಷೆ ಇದ್ದಲ್ಲಿ ಅದನ್ನು ಕಟ್ಟಿದವರಿಂದ ಕೇಳಲು ಆಧಾರವಿರುತ್ತದೆ.