ಗಡಿನಾಡಿನ ಫಲವಂತಿಕೆಯ ಗಣನೆ: ಉಮರ್ಗಾ, ನಿಲಂಗಾ, ಉದಗೀರ ತಾಲೂಕುಗಳನ್ನು ಕುರಿತ ಒಂದು ವಿವೇಚನೆ

ಪೀಠಿಕೆ

ಒಂದು ಪ್ರದೇಶದಲ್ಲಿ ವಾಸಿಸುವ ಜನರ ಪರಿಮಾಣವನ್ನೂ, ವಯಸ್ಸು ಮತ್ತು ಲಿಂಗಗಳಿಗನುಸಾರವಾದ ಅವರ ರಚನೆಯನ್ನೂ, ಕಾಲಕ್ರಮದಲ್ಲಿ ಅದು ಹೊಂದುವ ವೃದ್ಧಿಕ್ಷಯಗಳನ್ನೂ ಕಾರಣಸಹಿತವಾಗಿ ವಿಚಾರಿಸುವ ಶಾಸ್ತ್ರವೇ ಜನಸಂಖ್ಯಾಶಾಸ್ತ್ರ. ಲಂಡನ್ ನಗರದ ಮರಣಪಟ್ಟಿಗಳನ್ನು ಆಧಾರವಾಗಿಟ್ಟುಕೊಂಡು ಜಾನ್ ಗ್ರಾಂಟನು 1662ರಲ್ಲಿ ಪ್ರಕಟಿಸಿದ ಗ್ರಂಥದಿಂದ ಇದರ ಆರಂಭವನ್ನು ಗುರುತಿಸುವುದು ವಾಡಿಕೆ. ಜನಸಂಖ್ಯೆಯು ಹೆಚ್ಚುವುದಾಗಲಿ ಕುಗ್ಗುವುದಾಗಲಿ ಜನನ, ಮರಣ, ವಲಸೆ ಎಂಬ ಮೂರೇ ದ್ವಾರಗಳಿಂದ. ಇವುಗಳಲ್ಲಿ ಮರಣವು ಪ್ರತಿಯೊಬ್ಬನಿಗೂ ಒಮ್ಮೆ ಮಾತ್ರ ಸಂಭವಿಸತಕ್ಕ ಘಟನೆಯಾದುದರಿಂದ ಅದರ ಗಣನೆ ಸಾಪೇಕ್ಷವಾಗಿ ಸುಲಭ. ಜನನವಾದರೋ ಒಬ್ಬ ಸ್ತ್ರೀಗೆ ಒಮ್ಮೆಯೂ ಸಂಭವಿಸದಿರಬಹುದು, ಹಲವು ಬಾರಿ ಸಂಭವಿಸಲೂಬಹುದು, ಮತ್ತು ಅದು ಅವಳ ವಯಸ್ಸು, ವಿವಾಹ, ಆರೋಗ್ಯ, ಇಚ್ಛೆ ಇವೆಲ್ಲವುಗಳಿಗೆ ಅಧೀನವಾಗಿರುತ್ತದೆ. ಆದುದರಿಂದಲೇ ಫಲವಂತಿಕೆಯನ್ನು ಅಳೆಯುವುದಕ್ಕೆ ಒಂದೇ ಮಾನವು ಸಾಲದೆ ಹಲವು ಮಾನಗಳು ಹುಟ್ಟಿಕೊಂಡಿವೆ.

ಈ ಮಾನಗಳೆಲ್ಲವೂ ಮೂಲತಃ ಭಾಗಲಬ್ಧಗಳು. ಅಂಶದಲ್ಲಿ ಎಣಿಸಿದ ಶಿಶುಗಳು ಛೇದದಲ್ಲಿ ಎಣಿಸಿದ ಸ್ತ್ರೀಯರಿಗೇ ಹುಟ್ಟಿದವುಗಳಾಗಿದ್ದರೆ ಮಾತ್ರ ಆ ಭಾಗಲಬ್ಧಕ್ಕೆ ಅರ್ಥವುಂಟು. ಈ ಸರಳ ನಿಯಮವು ಎರಡು ರಾಜ್ಯಗಳ ಗಡಿಯಲ್ಲಿ ಎಷ್ಟು ಸುಲಭವಾಗಿ ಭಂಗಹೊಂದುತ್ತದೆ ಎಂಬುದನ್ನು ಮರಾಠವಾಡಾದ ಉಮರ್ಗಾ, ನಿಲಂಗಾ, ಉದಗೀರ ತಾಲೂಕುಗಳ ಸಂದರ್ಭದಲ್ಲಿ ಪರಿಶೀಲಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಪ್ರದೇಶದ ಸ್ವರೂಪ

ಈ ಮೂರು ತಾಲೂಕುಗಳೂ ನಿಜಾಮನ ಹೈದರಾಬಾದ್ ಸಂಸ್ಥಾನದ ಭಾಗವಾಗಿದ್ದವು. ಉದಗೀರ ಮತ್ತು ನಿಲಂಗಾ ಬೀದರ ಜಿಲ್ಲೆಗೂ ಉಮರ್ಗಾ ಉಸ್ಮಾನಾಬಾದ್ ಜಿಲ್ಲೆಗೂ ಸೇರಿದ್ದವು. 1956ರ ನವೆಂಬರ್ 1ರಂದು ರಾಜ್ಯಗಳು ಪುನರ್ವಿಂಗಡಣೆಗೊಂಡಾಗ ಅಹಮದಪುರ, ನಿಲಂಗಾ, ಉದಗೀರ ತಾಲೂಕುಗಳು ಬೀದರದಿಂದ ಬೇರ್ಪಟ್ಟು ಮುಂಬಯಿ ರಾಜ್ಯದ ಉಸ್ಮಾನಾಬಾದ್ ಜಿಲ್ಲೆಗೆ ಹೋದವು. 1960ರ ಮೇ 1ರಂದು ಅವು ಮಹಾರಾಷ್ಟ್ರದ ಅಂಗಗಳಾದವು. 1982ರಲ್ಲಿ ಉಸ್ಮಾನಾಬಾದನ್ನು ಒಡೆದು ಲಾತೂರ ಜಿಲ್ಲೆಯನ್ನು ರಚಿಸಿದಾಗ ನಿಲಂಗಾ ಮತ್ತು ಉದಗೀರಗಳು ಅದಕ್ಕೆ ಸೇರಿದವು. ಉಮರ್ಗಾ ಈಗ ಧಾರಾಶಿವವೆಂಬ ಹೆಸರನ್ನು ಪಡೆದಿರುವ ಹಳೆಯ ಜಿಲ್ಲೆಯಲ್ಲಿಯೇ ಉಳಿಯಿತು. ತರುವಾಯ ದೇವಣಿ, ಜಳಕೋಟ, ಶಿರೂರ ಅನಂತಪಾಳ, ಲೋಹಾರಾ ಎಂಬ ಹೊಸ ತಾಲೂಕುಗಳು ಹುಟ್ಟಿ ಹಳೆಯ ಎಲ್ಲೆಗಳು ಮತ್ತೆ ಕಿರಿದಾದವು. ಉದಗೀರದ ಒಂದೇ ಮನೆಯಲ್ಲಿ ಬಾಳಿದ ವೃದ್ಧೆಯೊಬ್ಬಳು ಬೀದರ, ಉಸ್ಮಾನಾಬಾದ್, ಲಾತೂರ ಎಂಬ ಮೂರು ಜಿಲ್ಲೆಗಳ ಜನಗಣತಿಯಲ್ಲಿ ಎಣಿಸಲ್ಪಟ್ಟಿರುವುದು ಸಾಧ್ಯ. ಜಿಲ್ಲೆಯ ಹೆಸರನ್ನು ಮಾತ್ರ ಹಿಡಿದು ಐವತ್ತು ವರ್ಷಗಳ ದರಗಳನ್ನು ಹೋಲಿಸಲು ಹೊರಟ ಸಂಶೋಧಕನು ವಾಸ್ತವವಾಗಿ ಬೇರೆಬೇರೆ ಜನಸಮುದಾಯಗಳನ್ನು ಹೋಲಿಸುತ್ತಿರುತ್ತಾನೆ. ಆದುದರಿಂದ ಗ್ರಾಮಗಳ ಪಟ್ಟಿಯಿಂದ ತೊಡಗಿ ಹಳೆಯ ಎಲ್ಲೆಗಳನ್ನು ಪುನಃ ಕಟ್ಟಿಕೊಳ್ಳುವುದು ಅವನ ಪ್ರಥಮ ಕರ್ತವ್ಯ.

ಗಡಿಯ ಈಚೆಗೆ ಕರ್ನಾಟಕದ ಬಸವಕಲ್ಯಾಣ, ಭಾಲ್ಕಿ, ಔರಾದ, ಕಮಲನಗರ, ಆಳಂದಗಳಿವೆ. ರಾಜ್ಯಗಳು ಬೇರೆಯಾದರೂ ಬೀಗತನಗಳು ಬೇರೆಯಾಗಲಿಲ್ಲ. ಕನ್ನಡ, ಮರಾಠಿ, ಉರ್ದು ಮೂರನ್ನೂ ಬಲ್ಲ ಕುಟುಂಬಗಳು ಇಂದಿಗೂ ಎರಡೂ ಕಡೆಗಳಲ್ಲಿ ಹೆಣ್ಣು ಕೊಟ್ಟು ತರುತ್ತಿವೆ. ಈ ಸಂಗತಿಗೂ ಅಂಕಿಅಂಶಗಳಿಗೂ ಇರುವ ಸಂಬಂಧವನ್ನು ಅರಿಯಬೇಕಾದರೆ ಮೊದಲು ಮಾನಗಳ ಪರಿಚಯ ಅವಶ್ಯಕ.

ಫಲವಂತಿಕೆಯ ಮಾನಗಳು

ಅತ್ಯಂತ ಸರಳವಾದುದು ಸ್ಥೂಲ ಜನನ ದರ: ಒಂದು ವರ್ಷದಲ್ಲಿ ಹುಟ್ಟಿದ ಶಿಶುಗಳನ್ನು ವರ್ಷಮಧ್ಯದ ಒಟ್ಟು ಜನಸಂಖ್ಯೆಯಿಂದ ಭಾಗಿಸಿ ಸಾವಿರದಿಂದ ಗುಣಿಸಿದರೆ ಅದು ದೊರೆಯುತ್ತದೆ. ಇದರ ದೋಷವು ಸ್ಪಷ್ಟವಾಗಿದೆ. ಗಂಡಸರು, ಬಾಲಕರು, ವೃದ್ಧರು ಎಲ್ಲರೂ ಛೇದದಲ್ಲಿ ಸೇರಿರುತ್ತಾರೆ. ತರುಣ ದಂಪತಿಗಳು ದುಡಿಮೆಗಾಗಿ ಪುಣೆ, ಮುಂಬಯಿ, ಹೈದರಾಬಾದುಗಳಿಗೆ ಹೋಗಿಬಿಟ್ಟ ಗ್ರಾಮದಲ್ಲಿ ತಾಯಂದಿರ ನಡತೆ ಕಿಂಚಿತ್ತೂ ಬದಲಾಗದಿದ್ದರೂ ಈ ದರವು ಇಳಿದುಹೋಗುತ್ತದೆ. 15ರಿಂದ 49 ವರ್ಷದೊಳಗಿನ ಸ್ತ್ರೀಯರನ್ನು ಮಾತ್ರ ಛೇದದಲ್ಲಿಟ್ಟರೆ ಸಾಮಾನ್ಯ ಫಲವಂತಿಕೆ ದರವಾಗುತ್ತದೆ. ಐದೈದು ವರ್ಷಗಳ ಏಳು ವಯೋವರ್ಗಗಳಿಗೆ ಪ್ರತ್ಯೇಕವಾಗಿ ಲೆಕ್ಕಹಾಕಿದರೆ ವಯೋನಿರ್ದಿಷ್ಟ ಫಲವಂತಿಕೆ ದರಗಳಾಗುತ್ತವೆ.

ಈ ಏಳು ದರಗಳನ್ನು ಕೂಡಿಸಿ ಐದರಿಂದ ಗುಣಿಸಿದಾಗ ಬರುವುದೇ ಒಟ್ಟು ಫಲವಂತಿಕೆ ದರ. ಉದಾಹರಣಾರ್ಥವಾಗಿ ಸಾವಿರ ಸ್ತ್ರೀಯರಿಗೆ ಏಳು ವರ್ಗಗಳಲ್ಲಿ ಕ್ರಮವಾಗಿ 40, 160, 110, 50, 20, 8, 2 ಜನನಗಳಾದುವೆಂದು ಕಲ್ಪಿಸಿಕೊಳ್ಳೋಣ. ಮೊತ್ತ 390, ಐದರಿಂದ ಗುಣಿಸಿದರೆ 1,950, ಅಂದರೆ ಒಬ್ಬ ಸ್ತ್ರೀಗೆ 1.95 ಮಕ್ಕಳು. ಇಲ್ಲಿ ಒಂದು ಸೂಕ್ಷ್ಮವನ್ನು ಮರೆಯಲಾಗದು. ಈ 1.95 ಯಾವ ಒಬ್ಬ ತಾಯಿಯ ಜೀವನಚರಿತ್ರೆಯೂ ಅಲ್ಲ. ಈ ವರ್ಷದ ದರಗಳೇ ತನ್ನ ಇಡೀ ಪ್ರಸವಯೋಗ್ಯ ವಯಸ್ಸಿನುದ್ದಕ್ಕೂ ಅನ್ವಯಿಸುವುವಾದರೆ ಒಬ್ಬ ಕಲ್ಪಿತ ಸ್ತ್ರೀಯು ಹೆರಬಹುದಾದ ಮಕ್ಕಳ ಸಂಖ್ಯೆ ಮಾತ್ರ. ವಿವಾಹವು ತಡವಾಗಿ ಚೊಚ್ಚಲು ಹೆರಿಗೆ ಮುಂದಕ್ಕೆ ಸರಿದ ವರ್ಷಗಳಲ್ಲಿ, ಅಂತಿಮವಾಗಿ ಹೆರುವ ಮಕ್ಕಳ ಸಂಖ್ಯೆ ಕಡಿಮೆಯಾಗದಿದ್ದರೂ ಈ ದರವು ತಾತ್ಕಾಲಿಕವಾಗಿ ಕುಸಿಯುತ್ತದೆ. 49 ವರ್ಷ ದಾಟಿದ ಸ್ತ್ರೀಯರು ವಾಸ್ತವವಾಗಿ ಹೆತ್ತ ಮಕ್ಕಳ ಸರಾಸರಿಯಾದ ಪೀಳಿಗೆಯ ಫಲವಂತಿಕೆಯು ಹೆಚ್ಚು ನಿಜವಾದುದು. ಆದರೆ ಅದನ್ನು ತಿಳಿಯಲು ಒಂದು ತಲೆಮಾರು ಕಾಯಬೇಕು.

ಹುಟ್ಟಿದ ಹೆಣ್ಣುಮಕ್ಕಳನ್ನು ಮಾತ್ರ ಎಣಿಸಿದರೆ ಸ್ಥೂಲ ಪುನರುತ್ಪಾದನಾ ದರ. ಆ ಹೆಣ್ಣುಮಕ್ಕಳಲ್ಲಿ ತಾಯಿಯ ವಯಸ್ಸಿಗೆ ಬದುಕಿ ಬರುವವರನ್ನು ಮಾತ್ರ ಲೆಕ್ಕಕ್ಕೆ ಹಿಡಿದರೆ ನಿವ್ವಳ ಪುನರುತ್ಪಾದನಾ ದರ. ಈ ಕೊನೆಯ ದರವು ಒಂದಾಗಿರುವಾಗ ಒಂದು ತಲೆಮಾರು ತನ್ನನ್ನು ಸರಿಯಾಗಿ ತುಂಬಿಕೊಡುತ್ತದೆ. ಒಟ್ಟು ಫಲವಂತಿಕೆಯ ಭಾಷೆಯಲ್ಲಿ ಅದು ಸುಮಾರು 2.1. 2019-21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದ ಒಟ್ಟು ಫಲವಂತಿಕೆ ದರ 2.0, ಮಹಾರಾಷ್ಟ್ರದಲ್ಲಿಯೂ ಕರ್ನಾಟಕದಲ್ಲಿಯೂ ಅದು 1.7. ಗಡಿಯ ಎರಡೂ ಬದಿಗಳಲ್ಲಿ ಒಂದೇ ಸರಾಸರಿ ಇರುವುದರಿಂದ ಗಡಿಯಲ್ಲಿ ವಿಚಾರಿಸತಕ್ಕ ವಿಷಯವೇನೂ ಇಲ್ಲವೆಂದು ಭಾವಿಸುವುದು ಅವಸರದ ತೀರ್ಮಾನವಾದೀತು. ಮುಂಬಯಿ, ಪುಣೆ, ಬೆಂಗಳೂರುಗಳಂಥ ಮಹಾನಗರಗಳನ್ನೊಳಗೊಂಡ ಸರಾಸರಿಯು ನಿಲಂಗಾದ ಒಂದು ಹಳ್ಳಿಯ ವಿಷಯದಲ್ಲಿ ಏನನ್ನೂ ಹೇಳುವುದಿಲ್ಲ. 1964-65ರಲ್ಲಿ ಪ್ರಾಯೋಗಿಕವಾಗಿ ಆರಂಭವಾಗಿ 1969-70ರ ವೇಳೆಗೆ ದೇಶವನ್ನೆಲ್ಲ ವ್ಯಾಪಿಸಿದ ಮಾದರಿ ನೋಂದಣಿ ವ್ಯವಸ್ಥೆಯು ಎಷ್ಟೇ ವಿಶ್ವಸನೀಯವಾಗಿದ್ದರೂ ಅದರ ಮಾದರಿಯು ರಾಜ್ಯಮಟ್ಟದ ಅಂದಾಜಿಗಾಗಿ ರಚಿತವಾದುದೇ ಹೊರತು ತಾಲೂಕಿನ ಅಂದಾಜಿಗಾಗಿ ಅಲ್ಲ.

ಹೀಗಾಗಿ ತಾಲೂಕನ್ನು ಕುರಿತು ವಿಚಾರಿಸುವವನಿಗೆ ಉಳಿಯುವ ಮಾರ್ಗಗಳು ಎರಡು: ಜನನ ನೋಂದಣಿ ಮತ್ತು ಜನಗಣತಿ. ಎರಡರಲ್ಲಿಯೂ ಬೇರೆಬೇರೆ ಬಗೆಯ ತೊಡಕುಗಳಿವೆ.

ತವರು ಮನೆಯ ಹೆರಿಗೆ ಮತ್ತು ಜನನ ನೋಂದಣಿ

ಕುಬುಸದ ಕಾರ್ಯ ಮುಗಿದ ಮೇಲೆ ಮಗಳನ್ನು ತವರಿಗೆ ಕರೆತಂದು ಚೊಚ್ಚಲು ಬಾಣಂತನವನ್ನು ತವರಿನವರೇ ಮಾಡುವುದು ಈ ನಾಡಿನ ಬಲವಾದ ಪದ್ಧತಿ. ಮರಾಠಿ ಮನೆಗಳಲ್ಲಿಯೂ ಇದು ಭಿನ್ನವಲ್ಲ. ಭಾಲ್ಕಿಯ ಮಗಳು ಉದಗೀರದ ಸೊಸೆಯಾದರೆ ಅವಳ ಮೊದಲ ಮಗು ಬೀದರ ಜಿಲ್ಲೆಯಲ್ಲಿ ಹುಟ್ಟುತ್ತದೆ. ಉಮರ್ಗಾದ ಮಗಳು ಬಸವಕಲ್ಯಾಣದ ಸೊಸೆಯಾದರೆ ಅವಳ ಮಗು ಮಹಾರಾಷ್ಟ್ರದಲ್ಲಿ ಹುಟ್ಟುತ್ತದೆ. 1969ರ ಜನನ ಮರಣ ನೋಂದಣಿ ಅಧಿನಿಯಮದಂತೆ ಜನನವನ್ನು ಅದು ಘಟಿಸಿದ ಸ್ಥಳದಲ್ಲಿ ನೋಂದಾಯಿಸಬೇಕು. ಜನಗಣತಿಯಲ್ಲಾದರೋ ಆ ತಾಯಿಯು ಸಾಮಾನ್ಯವಾಗಿ ಗಂಡನ ಊರಿನ ನಿವಾಸಿಯಾಗಿ ಎಣಿಸಲ್ಪಡುತ್ತಾಳೆ. ಶಿಶುವು ಒಂದು ರಾಜ್ಯದ ಅಂಶದಲ್ಲಿ, ತಾಯಿಯು ಇನ್ನೊಂದು ರಾಜ್ಯದ ಛೇದದಲ್ಲಿ!

ಇದರ ಪರಿಣಾಮವನ್ನು ಒಂದು ಕಲ್ಪಿತ ಲೆಕ್ಕದಿಂದ ತೋರಿಸಬಹುದು. ಮೂರು ಲಕ್ಷ ಜನರ ತಾಲೂಕಿನ ನಿವಾಸಿ ತಾಯಂದಿರಿಗೆ ವರ್ಷದಲ್ಲಿ 5,000 ಶಿಶುಗಳು ಜನಿಸಿದರೆ ಸ್ಥೂಲ ಜನನ ದರ 16.7. ಅವುಗಳಲ್ಲಿ 500 ಗಡಿಯಾಚೆ ದಾಖಲಾದರೆ ದರವು 15.0ಕ್ಕೆ ಇಳಿಯುತ್ತದೆ. ಅಷ್ಟೇ ಸಂಖ್ಯೆಯ ಹೆಣ್ಣುಮಕ್ಕಳು ಆಚೆಯಿಂದ ತವರಿಗೆಂದು ಈಚೆ ಬಂದು ಹೆತ್ತರೆ ಮೊತ್ತವೇನೋ ಸರಿದೂಗುತ್ತದೆ. ಆದರೆ ಹಾಗೆ ಸರಿದೂಗುವುದೆಂದು ನಂಬಲು ಆಧಾರವಿಲ್ಲ. ಹೆರಿಗೆಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಆಸ್ಪತ್ರೆಗಳಲ್ಲಿಯೇ ಆಗುತ್ತಿರುವ ಈ ಕಾಲದಲ್ಲಿ ಉಮರ್ಗಾದ ಗರ್ಭಿಣಿಯನ್ನು ಸೋಲಾಪುರಕ್ಕೂ ನಿಲಂಗಾದವಳನ್ನು ಲಾತೂರಿಗೂ ಕರೆದೊಯ್ಯಬಹುದು; ನಗರದ ದರವು ಕೃತಕವಾಗಿ ಏರುತ್ತದೆ, ಹಳ್ಳಿಯದು ಕೃತಕವಾಗಿ ಇಳಿಯುತ್ತದೆ.

ಇದಕ್ಕಿಂತಲೂ ಗಂಭೀರವಾದುದು ಜನನಕ್ರಮದಲ್ಲಿ ಉಂಟಾಗುವ ವಿಕೃತಿ. ತವರಿಗೆ ಹೋಗುವುದು ಹೆಚ್ಚಾಗಿ ಮೊದಲ ಹೆರಿಗೆಗೆ. ಸಾವಿರ ಜನನಗಳಲ್ಲಿ 450 ಚೊಚ್ಚಲು, 350 ಎರಡನೆಯವು, 200 ಮೂರನೆಯವು ಅಥವಾ ಮುಂದಿನವು ಎಂದಿಟ್ಟುಕೊಂಡರೆ ಕೊನೆಯ ವರ್ಗದ ಪಾಲು ನೂರಕ್ಕೆ 20. ಚೊಚ್ಚಲು ಹೆರಿಗೆಗಳಲ್ಲಿ 200 ಗಡಿಯಾಚೆ ದಾಖಲಾದರೆ ಉಳಿದ 800ರಲ್ಲಿ ಅದೇ ವರ್ಗದ ಪಾಲು ನೂರಕ್ಕೆ 25 ಆಗುತ್ತದೆ. ಒಬ್ಬ ತಾಯಿಯೂ ಹೆಚ್ಚು ಹೆರದಿದ್ದರೂ ತಾಲೂಕಿಗೆ ಹೆಚ್ಚು ಹೆರುವ ತಾಲೂಕೆಂಬ ಅಪಕೀರ್ತಿ ಬರುತ್ತದೆ. ಕುಟುಂಬ ಕಲ್ಯಾಣದ ಗುರಿಗಳೂ ಆಸ್ಪತ್ರೆಗಳ ಅನುದಾನವೂ ಅದನ್ನೇ ಅನುಸರಿಸಿದರೆ ಅನ್ಯಾಯವು ಕಾಗದದ ಮೇಲೆಯೇ ಉಳಿಯುವುದಿಲ್ಲ.

ನೆನಪಿನ ಸಾಕ್ಷ್ಯ ಮತ್ತು ಜನಗಣತಿ

ಎರಡನೆಯ ಮಾರ್ಗದಲ್ಲಿ ತಾಯಿಯ ಮಾತೇ ಆಧಾರ. ಈವರೆಗೆ ಜೀವಂತವಾಗಿ ಹುಟ್ಟಿದ ಮಕ್ಕಳೆಷ್ಟು, ಕಳೆದ ವರ್ಷದಲ್ಲಿ ಹುಟ್ಟಿದವೆಷ್ಟು ಎಂಬ ಪ್ರಶ್ನೆಗಳನ್ನು ಜನಗಣತಿಯಲ್ಲಿ ವಿವಾಹಿತ ಸ್ತ್ರೀಯರಿಗೆ ಕೇಳಲಾಗುತ್ತದೆ. ವಿಲಿಯಂ ಬ್ರಾಸ್ ರೂಪಿಸಿದ ವಿಧಾನವು ಈ ಎರಡು ಉತ್ತರಗಳನ್ನು ಪರಸ್ಪರ ತೂಗಿನೋಡಿ, ಕಳೆದ ವರ್ಷದ ಜನನಗಳಲ್ಲಿ ಬಿಟ್ಟುಹೋದವನ್ನು ತಿದ್ದುತ್ತದೆ. ಕ್ರಿಸ್ಟೋಫ್ ಗಿಲ್ಮೋಟೊ ಮತ್ತು ಎಸ್. ಇರುದಯ ರಾಜನ್ ಅವರು ಜನಗಣತಿಯ ಮಕ್ಕಳ ಸಂಖ್ಯೆಯಿಂದ ಭಾರತದ ಜಿಲ್ಲೆಗಳ ಫಲವಂತಿಕೆಯನ್ನು ಅಂದಾಜು ಮಾಡಿದ್ದಾರೆ. ಈ ಮಾರ್ಗದಲ್ಲಿ ಹೆರಿಗೆ ಎಲ್ಲಿ ಆಯಿತೆಂಬುದು ಮುಖ್ಯವಲ್ಲ. ತಾಯಿಮಕ್ಕಳು ಒಟ್ಟಿಗೇ ಎಣಿಸಲ್ಪಡುವುದರಿಂದ ಗಡಿನಾಡಿಗೆ ಇದೇ ಹೆಚ್ಚು ಹೊಂದಿಕೊಳ್ಳುತ್ತದೆ.

ಆದರೂ ಎಚ್ಚರ ಬೇಕು. ತನ್ನ ವಯಸ್ಸನ್ನು ಖಚಿತವಾಗಿ ಅರಿಯದ ಹಿರಿಯಳಿಗೆ ವರ್ಷಗಳಿಗಿಂತ ಘಟನೆಗಳೇ ಗುರುತು: 1948ರ ರಜಾಕಾರರ ಹಾವಳಿ, 1972ರ ಬರಗಾಲ, 1993ರ ಭೂಕಂಪ. ಇವುಗಳನ್ನೊಳಗೊಂಡ ಸ್ಥಳೀಯ ಪಂಚಾಂಗವೊಂದನ್ನು ಗಣತಿದಾರನು ಕೈಯಲ್ಲಿಟ್ಟುಕೊಂಡಿರಬೇಕು. ಹುಟ್ಟಿ ಕೆಲವೇ ದಿನಗಳಲ್ಲಿ ತೀರಿಕೊಂಡ ಶಿಶುವನ್ನು ತಾಯಿಯು ಅಪರಿಚಿತನ ಮುಂದೆ ಹೆಸರಿಸದಿರುವುದು ಸಹಜ. ಆದುದರಿಂದಲೇ ಮನೆಯಲ್ಲಿರುವವರು, ಬೇರೆಡೆ ಇರುವವರು, ತೀರಿಕೊಂಡವರು ಎಂದು ಮೂರು ಭಾಗಗಳಾಗಿ ಕೇಳುವ ಕ್ರಮವನ್ನು ಶಾಸ್ತ್ರಜ್ಞರು ವಿಧಿಸಿದ್ದಾರೆ. ಮನೆಯಲ್ಲಿ ಕನ್ನಡವಾಡುವ ಸ್ತ್ರೀಗೆ ಇಂಥ ಪ್ರಶ್ನೆಯು ಕನ್ನಡದಲ್ಲಿಯೇ ಬರಬೇಕೆಂಬುದು ಕೇವಲ ಭಾಷಾಭಿಮಾನದ ಮಾತಲ್ಲ, ಮಾಪನದ ನಿಖರತೆಯ ಮಾತು. 1951-52ರಲ್ಲಿ ವಿಶ್ವಸಂಸ್ಥೆಯೂ ಭಾರತ ಸರ್ಕಾರವೂ ಕೂಡಿ ಮೈಸೂರು ರಾಜ್ಯದಲ್ಲಿ ನಡೆಸಿದ, 1961ರಲ್ಲಿ ಪ್ರಕಟವಾದ ಜನಸಂಖ್ಯಾ ಅಧ್ಯಯನವು ತಾಯಂದಿರನ್ನು ಮನೆಮನೆಯಲ್ಲಿ ವಿಚಾರಿಸುವ ಈ ಕಾರ್ಯಕ್ಕೆ ಕನ್ನಡನಾಡಿನಲ್ಲಿಯೇ ದೊರೆತ ಹಿರಿಯ ಮಾದರಿ.

ನೆನಪಿನ ಸಾಕ್ಷ್ಯಕ್ಕೆ ಇನ್ನೊಂದು ಮಿತಿಯುಂಟು: ಅದು ಬದುಕಿರುವ ತಾಯಿಯದು ಮಾತ್ರ. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವದ ಭೂಕಂಪದಲ್ಲಿ ಕಿಲ್ಲಾರಿ ಮತ್ತು ಅಂದು ಉಮರ್ಗಾ ತಾಲೂಕಿಗೆ ಸೇರಿದ್ದ ಸಾಸ್ತೂರಿನ ಸುತ್ತಮುತ್ತ ಸಾವಿರಾರು ಜನ ಮಣ್ಣುಕಲ್ಲುಗಳ ಮನೆಗಳಡಿ ಮಡಿದರು. ಮಕ್ಕಳೊಡನೆ ತಾಯಿಯೂ ಮಡಿದ ಮನೆಯ ಪ್ರಸವಚರಿತ್ರೆಯನ್ನು ಯಾವ ಸಮೀಕ್ಷೆಯೂ ಇನ್ನು ಕೇಳಲಾರದು. ಅಂಥ ಗ್ರಾಮಗಳಲ್ಲಿ ಆ ದಶಕದ ಫಲವಂತಿಕೆಯನ್ನು ಉಳಿದವರ ಮಾತಿನಿಂದ ಮಾತ್ರ ನಿರ್ಣಯಿಸುವುದು ಅಪೂರ್ಣವೇ ಸರಿ. ಭೂಕಂಪಕ್ಕೆ ಪೂರ್ವದ ನೋಂದಣಿ ಪುಸ್ತಕಗಳನ್ನೂ 1991ರ ಗಣತಿಯನ್ನೂ ಜೊತೆಗಿಟ್ಟು ನೋಡಬೇಕು.

ಉಪಸಂಹಾರ

ಮೇಲಿನ ವಿವೇಚನೆಯಿಂದ ಸಿದ್ಧವಾಗುವುದಿಷ್ಟು: ಗಡಿ ತಾಲೂಕುಗಳ ಫಲವಂತಿಕೆಯನ್ನು ಜನನಸ್ಥಳದ ಆಧಾರದಿಂದಲ್ಲ, ತಾಯಿಯ ವಾಸಸ್ಥಳದ ಆಧಾರದಿಂದ ಗಣಿಸಬೇಕು. ಇದಕ್ಕೆ ಹೊಸ ಕಾನೂನೇನೂ ಬೇಕಾಗಿಲ್ಲ. ಜನನ ವರದಿಯ ನಮೂನೆಯಲ್ಲಿ ತಾಯಿಯು ಸಾಮಾನ್ಯವಾಗಿ ವಾಸಿಸುವ ಊರು, ವಿವಾಹವಾದಾಗಿನ ಮತ್ತು ಹೆರಿಗೆಯಾದಾಗಿನ ಅವಳ ವಯಸ್ಸು, ಅವಳಿಗೆ ಈವರೆಗೆ ಜೀವಂತವಾಗಿ ಹುಟ್ಟಿದ ಮಕ್ಕಳ ಸಂಖ್ಯೆ ಇವಿಷ್ಟನ್ನೂ ಬರೆಯುವ ಅಂಕಣಗಳು ಈಗಾಗಲೇ ಇವೆ. ವಯೋನಿರ್ದಿಷ್ಟ ದರಕ್ಕೂ ಜನನಕ್ರಮದ ವಿಶ್ಲೇಷಣೆಗೂ ಬೇಕಾದ ಸಾಮಗ್ರಿಯು ಇದೇ. 2023ರ ತಿದ್ದುಪಡಿಯು ರಾಷ್ಟ್ರೀಯ ಜನನ ಮರಣ ದತ್ತಾಂಶಕೋಶಕ್ಕೆ ಅವಕಾಶ ಕಲ್ಪಿಸಿರುವುದರಿಂದ ಬೀದರದಲ್ಲಿ ಬರೆದ ಜನನವನ್ನು ಉದಗೀರದ ತಾಯಿಯ ಲೆಕ್ಕಕ್ಕೆ ಸೇರಿಸುವುದು ಇನ್ನು ಅಸಾಧ್ಯವೇನಲ್ಲ. ಗ್ರಾಮದಲ್ಲಿ ಆ ನಮೂನೆಯನ್ನು ತುಂಬುವ ಸಿಬ್ಬಂದಿಯು ವಾಸಸ್ಥಳದ ಅಂಕಣವನ್ನು ಖಾಲಿ ಬಿಡದೆ ವಿಚಾರಿಸಿ ಬರೆಯುವಂತಾಗಲಿ. ಲಾತೂರ, ಧಾರಾಶಿವ, ಬೀದರ, ಕಲಬುರಗಿ ಜಿಲ್ಲೆಗಳ ನೋಂದಣಾಧಿಕಾರಿಗಳು ವರ್ಷಕ್ಕೊಮ್ಮೆ ವಾಸಸ್ಥಳವಾರು ಕೋಷ್ಟಕಗಳನ್ನು ಪರಸ್ಪರ ಕಳುಹಿಸಿಕೊಡುವಂತಾಗಲಿ. 1956ರಲ್ಲಿ ಸ್ಥಾಪಿತವಾದ ಮುಂಬಯಿಯ ಜನಸಂಖ್ಯಾ ವಿಜ್ಞಾನ ಸಂಸ್ಥೆಯೂ, ಧಾರವಾಡ ಮತ್ತು ಬೆಂಗಳೂರಿನ ಜನಸಂಖ್ಯಾ ಸಂಶೋಧನಾ ಕೇಂದ್ರಗಳೂ ಈ ಮೂರು ತಾಲೂಕುಗಳನ್ನು ಗಡಿಯಾಚೆಯ ನೆರೆಯ ತಾಲೂಕುಗಳೊಡನೆ ಒಂದೇ ಕ್ಷೇತ್ರವಾಗಿ ಪರಿಗಣಿಸಿ ಅಧ್ಯಯನಕ್ಕೆ ತೆಗೆದುಕೊಳ್ಳಲೆಂದು ವಿದ್ವಜ್ಜನರಲ್ಲಿ ನಮ್ಮ ವಿಜ್ಞಾಪನೆ.