ಇರಾಕಿಗೆಲ್ಲ ಒಬ್ಬನೇ ಅಮ್ಮೋ

1982ರ ದೆಹಲಿ ಏಷ್ಯನ್ ಕ್ರೀಡಾಕೂಟ ಎಂದರೆ ನಮ್ಮ ಜನರಿಗೆ ಅಪ್ಪು ಎಂಬ ಆನೆಮರಿ ನೆನಪಾಗುತ್ತದೆ, ಬಣ್ಣ ಕಂಡ ದೂರದರ್ಶನ ನೆನಪಾಗುತ್ತದೆ, ಹಾಕಿ ಫೈನಲಿನಲ್ಲಿ ಪಾಕಿಸ್ತಾನದ ಎದುರು 7-1ರಿಂದ ಸೋತ ಅವಮಾನವೂ ನೆನಪಾಗುತ್ತದೆ. ಆ ಸೋಲಿಗಾಗಿ ಗೋಲ್‌ಕೀಪರ್ ಮೀರ್ ರಂಜನ್ ನೇಗಿ ದ್ರೋಹಿ ಎಂಬ ಹೆಸರು ಹೊತ್ತು ವರ್ಷಗಟ್ಟಲೆ ನರಳಬೇಕಾಯಿತು. ಅದೇ ಕೂಟದ ಫುಟ್ಬಾಲ್ ಫೈನಲನ್ನು ಮಾತ್ರ ನಾವು ಮರೆತಿದ್ದೇವೆ. ಭಾರತ ಕ್ವಾರ್ಟರ್ ಫೈನಲಿನಲ್ಲೇ ಸೌದಿ ಅರೇಬಿಯಕ್ಕೆ ಸೋತು ಹೊರಬಿದ್ದ ಮೇಲೆ ಆ ಆಟ ನಮಗೆ ಯಾಕೆ ಬೇಕು?

ಆದರೆ ಡಿಸೆಂಬರ್ 3ರಂದು ದೆಹಲಿಯಲ್ಲಿ ನಡೆದ ಆ ಪಂದ್ಯದಲ್ಲಿ ಎದುರುಬದುರಾದದ್ದು ಇರಾಕ್ ಮತ್ತು ಕುವೈತ್. ಆಗ ಇರಾಕ್ ಇರಾನಿನ ಮೇಲೆ ಯುದ್ಧ ಹೂಡಿ ಎರಡು ವರ್ಷ ದಾಟಿತ್ತು. ಆ ಯುದ್ಧಕ್ಕೆ ಸಾಲ ಕೊಡುತ್ತಿದ್ದವರಲ್ಲಿ ಕುವೈತ್ ಕೂಡ ಒಂದು. ಎಂಟು ವರ್ಷಗಳ ನಂತರ ಸದ್ದಾಂ ಹುಸೇನ್‌ನ ಸೈನ್ಯ ಅದೇ ಕುವೈತಿನೊಳಗೆ ನುಗ್ಗಿತು. ಅಂದು ಮಾತ್ರ ಇಬ್ಬರ ನಡುವೆ ಇದ್ದದ್ದು ಒಂದು ಚೆಂಡು. ಹುಸೇನ್ ಸಯೀದ್ ಹೊಡೆದ ಒಂದೇ ಗೋಲಿನಿಂದ ಇರಾಕ್ ಚಿನ್ನ ಗೆದ್ದಿತು. ಆ ತಂಡದ ಕೋಚ್, ಆರು ದಿನಗಳ ಹಿಂದಷ್ಟೇ 48 ತುಂಬಿದ್ದ ಇಮ್ಯಾನುಯೆಲ್ ಬಾಬಾ ದಾವೂದ್. ಇರಾಕಿನ ಜನ ಕರೆಯುತ್ತಿದ್ದುದು ಅಮ್ಮೋ ಬಾಬಾ ಎಂದು.

ಇಮ್ಯಾನುಯೆಲ್ ಎಂಬ ಹೆಸರು ಸವೆದು ಅಮ್ಮೋ ಆಯಿತು. ಅರಬ್ಬಿಯಲ್ಲಿ ಮಕ್ಕಳು ಚಿಕ್ಕಪ್ಪನನ್ನು ಕರೆಯುವುದೂ ಅಮ್ಮೋ ಎಂದೇ. ಉರ್ದು ಕಲಿತ ನಮಗೆ 'ಅಮ್ಮೂ' ಎಂದರೆ ಚಾಚಾ, 'ಬಾಬಾ' ಎಂದರೆ ಅಪ್ಪ ಅಥವಾ ಅಜ್ಜ. ಹೀಗೆ ಒಬ್ಬ ಕ್ರೈಸ್ತನ ಹೆಸರು ಮುಸ್ಲಿಂ ಮನೆಗಳ ಮಕ್ಕಳ ಬಾಯಲ್ಲಿ ತಾನೇ ತಾನಾಗಿ ನೆಂಟಸ್ತಿಕೆಯಾಗಿಬಿಟ್ಟಿತು. ಆದರೆ ಈ ನೆಂಟಸ್ತಿಕೆ ಸುಮ್ಮನೆ ಒದಗಿ ಬಂದದ್ದಲ್ಲ. ಅದರ ಹಿಂದೆ ರಕ್ತದ ಕಥೆಯೊಂದಿದೆ.

ಅಮ್ಮೋ ಬಾಬಾ ಅಸ್ಸೀರಿಯನ್ ಸಮುದಾಯದವರು. ಏಸು ಆಡಿದ ಅರಾಮಿಕ್ ಭಾಷೆಯ ಒಂದು ಕವಲನ್ನು ಇಂದಿಗೂ ಮನೆಯಲ್ಲಿ ಮಾತಾಡುವ ಪುರಾತನ ಕ್ರೈಸ್ತರು ಇವರು. ಮೊದಲ ಮಹಾಯುದ್ಧದ ಕಾಲದಲ್ಲಿ ತುರ್ಕಿಯ ಹಕ್ಕಾರಿ ಬೆಟ್ಟಗಳಿಂದ ಕೊಲೆ, ಹಸಿವುಗಳಿಗೆ ತುತ್ತಾಗುತ್ತ ಓಡಿಬಂದ ಸಾವಿರಾರು ಜನ ಇರಾಕಿನಲ್ಲಿ ನೆಲೆ ಕೇಳಿದರು. ಬ್ರಿಟಿಷರು ಅವರ ಗಂಡಸರನ್ನು 'ಲೆವಿ' ಎಂಬ ಪಡೆಗೆ ಸೇರಿಸಿಕೊಂಡು ತಮ್ಮ ವಾಯುನೆಲೆಗಳ ಕಾವಲಿಗೆ ನಿಲ್ಲಿಸಿದರು. ದೊರೆಗಳ ಬಂದೂಕು ಹಿಡಿದವನನ್ನು ನೆರೆಯವನು ನಂಬುತ್ತಾನೆಯೇ? 1932ರಲ್ಲಿ ಇರಾಕ್ ಸ್ವತಂತ್ರವಾಯಿತು. ಮರುವರ್ಷ ಆಗಸ್ಟ್ ತಿಂಗಳಲ್ಲಿ ಉತ್ತರದ ಸಿಮೇಲೆಯಲ್ಲಿ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಹೊಸ ರಾಷ್ಟ್ರದ ಸೈನ್ಯವೇ ಅಸ್ಸೀರಿಯನ್ನರ ಕಗ್ಗೊಲೆ ನಡೆಸಿತು. ಆ ಕಾರ್ಯಾಚರಣೆಯ ನಾಯಕ ಬಕರ್ ಸಿದ್ದೀಕಿಯನ್ನು ಹಾಡಿ ಹೊಗಳಲಾಯಿತು.

ಇದಾದ ಮರುವರ್ಷ, 1934ರ ನವೆಂಬರ್ 27ರಂದು, ಬಗ್ದಾದಿನ ಹಿನೈದಿಯಲ್ಲಿ ಅಮ್ಮೋ ಹುಟ್ಟಿದರು. ಬ್ರಿಟಿಷ್ ವಾಯುನೆಲೆ ಹಿನೈದಿಯಿಂದ ಯೂಫ್ರೆಟಿಸ್ ದಡದ ಹಬ್ಬಾನಿಯಾಗೆ ಸ್ಥಳಾಂತರವಾದಾಗ ಲೆವಿಗಳ ಸಂಸಾರಗಳೂ ಅದರ ಹಿಂದೆಯೇ ಹೋದವು. ಮರುಭೂಮಿಯ ನಡುವಿನ ಆ ನೆಲೆಯಲ್ಲಿ ಬ್ರಿಟಿಷರಿಗೆ ಟೆನಿಸ್ ಅಂಗಳ, ಈಜುಕೊಳ, ಕ್ಲಬ್ಬು ಎಲ್ಲವೂ ಇದ್ದವು. ಅಸ್ಸೀರಿಯನ್ ಹುಡುಗರ ಪಾಲಿಗೆ ಫುಟ್ಬಾಲ್ ದಕ್ಕಿತು. ಅದನ್ನು ಅವರು ದೊರೆಗಳಿಗಿಂತ ಚೆನ್ನಾಗಿ ಆಡಿದರು. ಯೂರಾ ಎಶಾಯಾ ಎಂಬ ಇನ್ನೊಬ್ಬ ಆಟಗಾರ 1950ರ ದಶಕದಲ್ಲೇ ಇಂಗ್ಲೆಂಡಿನ ಬ್ರಿಸ್ಟಲ್ ರೋವರ್ಸ್ ಕ್ಲಬ್ಬಿಗೆ ಹೋದದ್ದು ಇದೇ ಹಬ್ಬಾನಿಯಾದಿಂದ.

1957ರ ಅಕ್ಟೋಬರಿನಲ್ಲಿ ಬೈರೂತಿನ ಅರಬ್ ಕ್ರೀಡಾಕೂಟದಲ್ಲಿ ಇರಾಕ್ ತನ್ನ ಮೊದಲ ಅಂತರರಾಷ್ಟ್ರೀಯ ಪಂದ್ಯ ಆಡಿತು. ಮೊರಾಕೊ ಎದುರಿನ ಆ ಆಟ 3-3ರಲ್ಲಿ ಮುಗಿಯಿತು. ಇರಾಕ್ ಎಂಬ ದೇಶದ ಮೊದಲ ಗೋಲು ಹೊಡೆದ ಕಾಲು ಅಮ್ಮೋ ಬಾಬಾ ಅವರದು. ಸಿಮೇಲೆಯಿಂದ ಇಲ್ಲಿಗೆ ಕೇವಲ ಇಪ್ಪತ್ತನಾಲ್ಕು ವರ್ಷ. ಇನ್ನೂ ಒಂದು ವಿಚಿತ್ರವಿದೆ. ಬಗ್ದಾದಿನಲ್ಲಿ ಅವರು ಆಡಿದ್ದು ದೊರೆಯ ಅಂಗರಕ್ಷಕ ಪಡೆಯ ತಂಡ ಹಾರಿಸ್ ಅಲ್ ಮಲಿಕಿಗೆ, ಆಮೇಲೆ ವಾಯುಪಡೆಯ ತಂಡಕ್ಕೆ. ಯಾವ ಸೈನ್ಯ ತನ್ನವರನ್ನು ಕೊಂದಿತ್ತೋ ಅದೇ ಸೈನ್ಯದ ಅಂಗಿ ತೊಟ್ಟು ಜನರ ಚಪ್ಪಾಳೆ ಪಡೆದ ಈ ಮನುಷ್ಯ ಒಳಗೆ ಏನು ನುಂಗಿಕೊಂಡಿದ್ದರೋ. ಪ್ರತಿ ಕ್ರಿಕೆಟ್ ಪಂದ್ಯದ ದಿನವೂ 'ನೀವು ಯಾರ ಕಡೆ?' ಎಂಬ ಪ್ರಶ್ನೆ ಎದುರಿಸುವ ನಾವು ಇದನ್ನು ಸ್ವಲ್ಪವಾದರೂ ಊಹಿಸಬಲ್ಲೆವು. ನಮ್ಮದೇ ಧರ್ಮದವರು ಬಹುಸಂಖ್ಯಾತರಾಗಿರುವ ನಾಡುಗಳಲ್ಲಿ ಈ ಪ್ರಶ್ನೆಯನ್ನು ಯಾರು ಯಾರಿಗೆ ಕೇಳುತ್ತಾರೆ ಎಂಬುದನ್ನೂ ನೋಡಬೇಕು.

ಆಟಗಾರರಾಗಿ ಅವರ ಕಾಲ ಬೇಗ ಮುಗಿಯಿತು. ಕೋಚ್ ಆಗಿ ಅವರು ಕಟ್ಟಿದ್ದೇ ದೊಡ್ಡದು. 1979ರಲ್ಲಿ ಬಗ್ದಾದಿನಲ್ಲೇ ನಡೆದ ಗಲ್ಫ್ ಕಪ್ಪನ್ನು ಇರಾಕ್ ಮೊದಲ ಸಲ ಗೆದ್ದದ್ದು ಅವರ ಕೈಯಲ್ಲಿ. 1984ರಲ್ಲಿ ಮಸ್ಕತ್‌ನಲ್ಲಿ, 1988ರಲ್ಲಿ ರಿಯಾದಿನಲ್ಲಿ ಮತ್ತೆ ಗೆದ್ದರು. ಲಾಸ್ ಏಂಜಲೀಸ್ ಮತ್ತು ಸಿಯೋಲ್ ಒಲಿಂಪಿಕ್ಸ್‌ಗಳಿಗೂ ತಂಡವನ್ನು ಒಯ್ದರು. ಇದೆಲ್ಲ ನಡೆದದ್ದು ಹೆಚ್ಚುಕಡಿಮೆ ಯುದ್ಧದ ಎಂಟು ವರ್ಷಗಳ ಒಳಗೆ. ಆಟಗಾರರ ಓರಗೆಯ ಹುಡುಗರು ಬಸ್ರಾದ ಗಡಿಯಲ್ಲಿ ಹೆಣವಾಗುತ್ತಿದ್ದ ಕಾಲ ಅದು. ಗೆದ್ದ ಪ್ರತಿ ಕಪ್ಪೂ ಸರ್ವಾಧಿಕಾರಿಯ ಪಟದ ಪಕ್ಕ ಹೋಗಿ ಕೂರುತ್ತಿತ್ತು. ಆದರೆ ಬಗ್ದಾದಿನ ಗಲ್ಲಿಯ ಹುಡುಗ ಕುಣಿದದ್ದು ಸದ್ದಾಂಗಾಗಿ ಎಂದು ಹೇಳುವವರಿಗೆ ಆಟದ ಸುಖವೂ ಗೊತ್ತಿಲ್ಲ, ಬಡವನ ಸುಖವೂ ಗೊತ್ತಿಲ್ಲ.

1984ರಲ್ಲಿ ಸದ್ದಾಂನ ಹಿರಿಯ ಮಗ ಉದಯ್ ಇರಾಕಿನ ಒಲಿಂಪಿಕ್ ಸಮಿತಿಯ ಯಜಮಾನನಾದ. ಫುಟ್ಬಾಲ್ ಸಂಸ್ಥೆಯೂ ಅವನ ಮುಷ್ಟಿಗೆ ಬಂತು. ಸೋತು ಬಂದ ಆಟಗಾರರ ಅಂಗಾಲಿಗೆ ಹೊಡೆಯುವುದು, ತಲೆ ಬೋಳಿಸುವುದು, ರದ್ವಾನಿಯಾ ಜೈಲಿಗೆ ಅಟ್ಟುವುದು ನಡೆಯುತ್ತಿತ್ತೆಂದು ದೇಶ ಬಿಟ್ಟು ಹೋದ ಆಟಗಾರ ಶರಾರ್ ಹೈದರ್ ಮುಂತಾದವರು ಜಗತ್ತಿಗೆ ಹೇಳಿದರು. 1997ರಲ್ಲಿ ಕಜಕಸ್ತಾನಕ್ಕೆ ಸೋತ ತಂಡವನ್ನು ಹೊಡೆಯಲಾಯಿತೆಂಬ ದೂರು ಬಂದಾಗ ಫಿಫಾ ಇಬ್ಬರನ್ನು ವಿಚಾರಣೆಗೆ ಕಳಿಸಿತು. ಅವರು ಬಗ್ದಾದಿಗೆ ಹೋದರು, ಆಟಗಾರರನ್ನು ಕೇಳಿದರು, ಅಂಥದ್ದೇನೂ ನಡೆದಿಲ್ಲ ಎಂದು ವರದಿ ಬರೆದರು. ಹುಲಿಯ ಬಾಯಿಯೊಳಗಿರುವವನನ್ನು ಹುಲಿ ಹೇಗಿದೆ ಎಂದು ಕೇಳಿದರೆ ಇನ್ನೇನು ಹೇಳಿಯಾನು?

ಅಮ್ಮೋ ಬಾಬಾರನ್ನು ಆ ವರ್ಷಗಳಲ್ಲಿ ಹಲವು ಸಲ ತೆಗೆದುಹಾಕಲಾಯಿತು, ಹಲವು ಸಲ ಮತ್ತೆ ಕರೆಸಲಾಯಿತು. 1986ರಲ್ಲಿ ಇರಾಕ್ ಮೊದಲ ಬಾರಿ ವಿಶ್ವಕಪ್ ಆಡಲು ಮೆಕ್ಸಿಕೊಗೆ ಹೋದಾಗ ಕೋಚ್ ಕುರ್ಚಿಯಲ್ಲಿ ಇದ್ದವರು ಬ್ರೆಜಿಲಿನ ಎವರಿಸ್ಟೊ. ದೆಹಲಿಯಲ್ಲಿ ಗೋಲು ಹೊಡೆದ ಹುಸೇನ್ ಸಯೀದ್ ಅಲ್ಲಿದ್ದರು. ಅಮ್ಮೋ ಇರಲಿಲ್ಲ. ಪರಗ್ವೆ, ಬೆಲ್ಜಿಯಂ, ಮೆಕ್ಸಿಕೊ, ಮೂರಕ್ಕೂ ಇರಾಕ್ ಸೋತಿತು. ಹೊಡೆದದ್ದು ಒಂದೇ ಗೋಲು, ಬೆಲ್ಜಿಯಂ ವಿರುದ್ಧ ಅಹ್ಮದ್ ರಾದಿಯದು.

1993ರ ಅಕ್ಟೋಬರಿನಲ್ಲಿ ದೋಹಾದಲ್ಲಿ ಮತ್ತೊಮ್ಮೆ ಕರೆ ಬಂತು. ಅಮೆರಿಕದಲ್ಲಿ ನಡೆಯಲಿದ್ದ ವಿಶ್ವಕಪ್ಪಿನ ಅರ್ಹತಾ ಸುತ್ತಿನ ನಡುವೆಯೇ ಕೋಚ್ ಅದ್ನಾನ್ ದಿರ್ಜಾಲ್‌ರನ್ನು ತೆಗೆದು 58ರ ಅಮ್ಮೋರನ್ನು ಕೂರಿಸಿದರು. ವಿಶ್ವಸಂಸ್ಥೆಯ ದಿಗ್ಬಂಧನದಿಂದ ಇರಾಕಿನಲ್ಲಿ ಹಾಲಿನ ಪುಡಿಗೂ ಔಷಧಿಗೂ ಬರ ಬಂದಿದ್ದ ದಿನಗಳು. ಕೊನೆಯ ಪಂದ್ಯದಲ್ಲಿ ಜಪಾನ್ 2-1ರಿಂದ ಮುಂದಿತ್ತು. ಗೆದ್ದರೆ ಅದಕ್ಕೆ ಮೊದಲ ವಿಶ್ವಕಪ್. ಆಟದ ಸಮಯ ಮುಗಿದಿತ್ತು ಎನ್ನುವಾಗ ಜಾಫರ್ ಒಮ್ರಾನ್ ತಲೆಯಿಂದ ಹೊಡೆದ ಚೆಂಡು ಗೋಲಿನೊಳಗೆ ಬಿತ್ತು. ಜಪಾನೀಯರು ಇಂದಿಗೂ ಅದನ್ನು ದೋಹಾದ ದುರಂತ ಎನ್ನುತ್ತಾರೆ. ಇರಾಕಿಗೂ ಅದರಿಂದ ದಾರಿ ತೆರೆಯಲಿಲ್ಲ.

2003ರ ದಾಳಿಯ ನಂತರ ಉದಯ್ ಸತ್ತ, ಅಮೆರಿಕದ ಟ್ಯಾಂಕುಗಳು ಬಂದವು, ಜನ ಧರ್ಮ-ಪಂಗಡಗಳ ಹೆಸರಿನಲ್ಲಿ ಒಬ್ಬರನ್ನೊಬ್ಬರು ಕೊಲ್ಲತೊಡಗಿದರು. ಹತ್ತು ಲಕ್ಷಕ್ಕೂ ಮಿಕ್ಕಿದ್ದ ಇರಾಕಿನ ಕ್ರೈಸ್ತರು ಗಂಟುಮೂಟೆ ಕಟ್ಟಿದರು. ಇಂದು ಉಳಿದಿರುವವರು ಎರಡೂವರೆ ಲಕ್ಷಕ್ಕಿಂತ ಕಡಿಮೆ ಎಂದು ಅಂದಾಜು. ಇದನ್ನು ಅಮೆರಿಕದ ಲೆಕ್ಕಕ್ಕೆ ಮಾತ್ರ ಬರೆದು ಕೈ ತೊಳೆದುಕೊಳ್ಳುವ ನಮ್ಮವರ ರೂಢಿ ನಮಗೆ ಸರಿಕಾಣುವುದಿಲ್ಲ. 2010ರ ಅಕ್ಟೋಬರ್ 31ರಂದು ಬಗ್ದಾದಿನ ಚರ್ಚಿನಲ್ಲಿ ಪ್ರಾರ್ಥನೆಗೆ ನಿಂತಿದ್ದ ಐವತ್ತಕ್ಕೂ ಹೆಚ್ಚು ಜನರನ್ನು ಕೊಂದವರು ಅಲ್ಲಾಹನ ಹೆಸರು ಹೇಳಿಕೊಂಡೇ ಬಂದಿದ್ದರು.

ಇಂಥ ಬಗ್ದಾದಿನಲ್ಲಿ ಮುದುಕ ಅಮ್ಮೋ, ಸಕ್ಕರೆ ಕಾಯಿಲೆ ಮೈ ಹಣ್ಣು ಮಾಡುತ್ತಿದ್ದರೂ, ಮಕ್ಕಳಿಗಾಗಿ ಫುಟ್ಬಾಲ್ ಶಾಲೆ ನಡೆಸುತ್ತಿದ್ದರು. ಸುನ್ನಿ, ಶಿಯಾ, ಕ್ರೈಸ್ತ ಎಂದು ಮೊಹಲ್ಲಾಗಳ ನಡುವೆ ಗೋಡೆ ಎದ್ದಿದ್ದ ಊರಿನಲ್ಲಿ ಚೆಂಡು ಒದೆಯಲು ಮಕ್ಕಳು ಬರುತ್ತಿದ್ದರು. 2007ರಲ್ಲಿ ಇರಾಕ್ ಏಷ್ಯಾ ಕಪ್ ಗೆದ್ದಾಗ ಅವರು ಬದುಕಿದ್ದರು. ಸೆಮಿಫೈನಲ್ ಗೆದ್ದ ಸಂಭ್ರಮಕ್ಕೆ ಬೀದಿಗಿಳಿದ ಐವತ್ತು ಜನ ಬಾಂಬಿಗೆ ಬಲಿಯಾದದ್ದನ್ನೂ ಕಂಡರು.

2009ರ ಮೇ 27ರಂದು ಉತ್ತರದ ದೊಹೂಕಿನಲ್ಲಿ ಅವರು ತೀರಿಕೊಂಡರು. ಸಿಮೇಲೆ ಇರುವುದು ಆ ಊರಿನ ಹತ್ತಿರವೇ. ಮಣ್ಣು ಮಾಡಿದ್ದು ಮಾತ್ರ ಅಲ್ಲಲ್ಲ, ಚರ್ಚಿನ ಸ್ಮಶಾನದಲ್ಲೂ ಅಲ್ಲ. ಅವರ ಆಸೆಯಂತೆ ಹೆಣವನ್ನು ಬಗ್ದಾದಿಗೆ ತಂದು, 1966ರಲ್ಲಿ ಯುಸೆಬಿಯೊನ ಬೆನ್ಫಿಕಾ ತಂಡ ಬಂದು ಆಡಿ ಉದ್ಘಾಟಿಸಿದ ಶಾಬ್ ಕ್ರೀಡಾಂಗಣದ ಆವರಣದಲ್ಲೇ ಹೂಳಿದರು. ಶಾಬ್ ಎಂದರೆ ಅರಬ್ಬಿಯಲ್ಲಿ ಜನ.