ಬ್ಲೇಡ್ ಬದಲಿಸಿದರೆ ಸಾಕೇ? ಸೆಲೂನ್, ಬ್ಯೂಟಿ ಪಾರ್ಲರ್ ಕೆಲಸಗಾರರು ತಿಳಿದಿರಬೇಕಾದದ್ದು

ಕೊಯಮತ್ತೂರು-ಮೆಟ್ಟುಪಾಳ್ಯಂ ಹೆದ್ದಾರಿಯ ಪೆರಿಯನಾಯಕನಪಾಳ್ಯಂನಂಥ ಕಾರ್ಖಾನೆ ಊರಿರಲಿ, ನಮ್ಮ ಉಪ್ಪಿನಂಗಡಿಯಂಥ ಪೇಟೆಯಿರಲಿ, ಭಾನುವಾರ ಸೆಲೂನ್ ರಷ್. ಹೊಸ ಬ್ಲೇಡ್ ಹಾಕುವ ಅಭ್ಯಾಸ ಈಗ ಎಲ್ಲ ಕಡೆ ಬಂದಿದೆ. ಆದರೆ ಬ್ಲೇಡ್ ಸಿಕ್ಕಿಸುವ ಹಿಡಿ, ಗಾಯಕ್ಕೆ ಉಜ್ಜುವ ಪಟಿಕದ ಕಲ್ಲು, ಟವೆಲ್, ನೇಲ್ ಕಟರ್, ಬ್ಲ್ಯಾಕ್‌ಹೆಡ್ ತೆಗೆಯುವ ಸೂಜಿ ಹಲವು ಕಡೆ ಬದಲಾಗುವುದಿಲ್ಲ. ಅಪಾಯ ಇರುವುದು ಅಲ್ಲೇ.

ಯಾವ ರೋಗಗಳು?
ಮುಖ್ಯವಾಗಿ ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ ಮತ್ತು ಎಚ್‌ಐವಿ. ಹೆಚ್ಚಿನವರು ಹೆದರುವುದು ಎಚ್‌ಐವಿಗೆ. ಆದರೆ ಸೋಂಕಿತರ ರಕ್ತವಿರುವ ಸೂಜಿ ಚುಚ್ಚಿದಾಗ ಎಚ್‌ಐವಿ ತಗಲುವ ಸಾಧ್ಯತೆ ಸಾವಿರಕ್ಕೆ ಸುಮಾರು 3. ಲಸಿಕೆ ಪಡೆಯದವರಿಗೆ ಹೆಪಟೈಟಿಸ್ ಬಿ ತಗಲುವ ಸಾಧ್ಯತೆ ನೂರಕ್ಕೆ 6ರಿಂದ 30. ಈ ವೈರಸ್ ಒಣಗಿದ ರಕ್ತದಲ್ಲೂ ಕನಿಷ್ಠ 7 ದಿನ ಬದುಕಿರುತ್ತದೆ. ಕಣ್ಣಿಗೆ ಕಾಣದಷ್ಟು ರಕ್ತ ಸಾಕು. ಲಿವರ್ ಹಾಳಾಗುವವರೆಗೂ ಎಷ್ಟೋ ಜನರಿಗೆ ಗೊತ್ತೇ ಆಗುವುದಿಲ್ಲ.

ಹೆಚ್ಚು ಅಪಾಯ ಕೆಲಸಗಾರರಿಗೆ
ಗಿರಾಕಿ ತಿಂಗಳಿಗೆ ಒಂದೆರಡು ಸಲ ಬರುತ್ತಾನೆ. ಕ್ಷೌರಿಕ ದಿನವಿಡೀ ಬ್ಲೇಡ್ ಹಿಡಿದಿರುತ್ತಾನೆ; ಬ್ಲೇಡ್ ತೆಗೆಯುವಾಗ, ಅರ್ಧಕ್ಕೆ ಮುರಿಯುವಾಗ ಬೆರಳು ಕೊಯ್ಯುವುದು ಸಾಮಾನ್ಯ. ಮಕ್ಕಳಿಗೆ ಸರ್ಕಾರದ ಹೆಪಟೈಟಿಸ್ ಬಿ ಲಸಿಕೆ 2002ರಲ್ಲಿ ಆಯ್ದ ಕಡೆ ಶುರುವಾಗಿ, ದೇಶಪೂರ್ತಿ ಸಿಕ್ಕಿದ್ದು 2011ರಲ್ಲಿ. ಹಾಗಾಗಿ ಇಂದು ದುಡಿಯುವ ವಯಸ್ಸಿನ ಹಲವರಿಗೆ ಆ ಲಸಿಕೆ ಆಗಿಲ್ಲ.

ಏನು ಮಾಡಬೇಕು?
* ಹೆಪಟೈಟಿಸ್ ಬಿ ಲಸಿಕೆ ಮೂರು ಡೋಸ್: ಮೊದಲ ದಿನ, 1 ತಿಂಗಳಿಗೆ, 6 ತಿಂಗಳಿಗೆ. ಒಂದು ಹಾಕಿಸಿ ಬಿಡಬೇಡಿ.
* ಪಟಿಕದ ಕಲ್ಲು ಬೇಡ. ಪುಡಿಯನ್ನು ಹೊಸ ಹತ್ತಿಯಲ್ಲಿ ಹಚ್ಚಿ, ಹತ್ತಿ ಎಸೆಯಿರಿ.
* ಲೋಹದ ಸಾಮಾನನ್ನು ಸೋಪಿನಿಂದ ತೊಳೆದು 20 ನಿಮಿಷ ಕುದಿಸಿ. ಆಂಟಿಸೆಪ್ಟಿಕ್ ನೀರಿಗೆ ಅದ್ದಿ ತೆಗೆದರೆ ಸಾಲದು.
* ಬಳಸಿದ ಬ್ಲೇಡನ್ನು ಗಟ್ಟಿ ಡಬ್ಬಕ್ಕೆ ಹಾಕಿ.
* ಬೆರಳು ಕೊಯ್ದರೆ ಹಿಂಡಬೇಡಿ, ಸೋಪು ನೀರಿನಲ್ಲಿ ತೊಳೆಯಿರಿ. ಬೇರೆಯವರ ರಕ್ತ ತಾಗಿದ್ದರೆ ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ. ಎಚ್‌ಐವಿ ತಡೆಯುವ ಮಾತ್ರೆ 72 ಗಂಟೆಯೊಳಗೆ ಶುರುವಾಗಬೇಕು.

ಹೆಪಟೈಟಿಸ್ ಸಿಗೆ ಲಸಿಕೆ ಇಲ್ಲ, ಆದರೆ ಸಾಮಾನ್ಯವಾಗಿ ಮೂರು ತಿಂಗಳ ಮಾತ್ರೆಯಲ್ಲಿ ವಾಸಿಯಾಗುತ್ತದೆ. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಪರೀಕ್ಷೆ, ಚಿಕಿತ್ಸೆ ಉಚಿತ.

ಹಜ್, ಉಮ್ರಾಕ್ಕೆ ಹೋಗುವವರಿಗೂ ಇದೇ ಮಾತು: ತಲೆ ಬೋಳಿಸಲು ಪರವಾನಗಿ ಇರುವ ಕ್ಷೌರಿಕರ ಬಳಿಗೇ ಹೋಗಿ, ಬೇರೆಯವರಿಗೆ ಬಳಸಿದ ಬ್ಲೇಡ್ ಬೇಡ.

ಒಂದು ಮಾತು ನೆನಪಿರಲಿ. ಈ ರೋಗಗಳು ಕೈಕುಲುಕಿದರೆ, ಜೊತೆಗೆ ಚಾ ಕುಡಿದರೆ ಹರಡುವುದಿಲ್ಲ. ಸೋಂಕಿದೆ ಎಂದು ಯಾರ ಅಂಗಡಿಯನ್ನೂ ದೂರ ಇಡಬೇಕಿಲ್ಲ. "ಭಾಯ್, ಹೊಸ ಬ್ಲೇಡ್ ಹಾಕಿ" ಅನ್ನುವ ಯುವಕರು, "ಲಸಿಕೆ ಹಾಕಿಸಿದ್ದೀರಾ?" ಅಂತಲೂ ಒಮ್ಮೆ ಕೇಳಲಿ.